ಕೆಲಸ ಮಂಗಳೂರಿನಲ್ಲಿ, ಮನೆ ಕುಂಬಳೆ ಸೀಮೆಯಲ್ಲಿ: ರಜೆ ಮುಗಿಯುವ ಮೊದಲು ಮನೆ ಮುಗಿಸುವ ಕ್ರಮ

ಎಂಜಿನಿಯರರು ಕೈಗಿತ್ತ ಅಂದಾಜುಪಟ್ಟಿಯಲ್ಲಿ ಕೆಂಪುಕಲ್ಲು, ಸಿಮೆಂಟು, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್ ಎಲ್ಲವೂ ಇತ್ತು. ರಜೆ ಮಾತ್ರ ಇರಲಿಲ್ಲ. ಸಂಬಳಕ್ಕೆ ದುಡಿಯುವವನಿಗೆ ಮೊದಲು ಖಾಲಿಯಾಗುವ ಸಾಮಗ್ರಿ ಅದೇ. ಹಣ ತೀರಿದರೆ ಸಾಲ ಸಿಗುತ್ತದೆ. ರಜೆ ತೀರಿದರೆ ಯಾವ ಬ್ಯಾಂಕೂ ಕೊಡುವುದಿಲ್ಲ.

ನಾನು ದಿನವೂ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿನ ಕಚೇರಿಗೆ ಹೋಗಿಬರುವವನು. ಜಾಗ ಇರುವುದು ಸೀತಾಂಗೋಳಿಯಿಂದ ಒಳಗೆ, ಹದಿನೈದು ಸೆಂಟ್ಸ್. ಹೆಂಡತಿಗೆ ಶಾಲೆಯ ಕೆಲಸ. ಮನೆ ಕಟ್ಟುವ ನಿರ್ಧಾರವಾದಾಗ ನನ್ನ ಲೆಕ್ಕಕ್ಕೆ ಸಿಕ್ಕಿದ್ದು, ಎರಡು ವರ್ಷಕ್ಕೆ ಹಂಚಿದಂತೆ, ಇಪ್ಪತ್ತನಾಲ್ಕು ದಿನಗಳ ರಜೆ. ಅದರೊಳಗೇ ಮನೆ ಮುಗಿಯಿತು. ಹೇಗೆ ಮುಗಿಯಿತು, ಎಲ್ಲಿ ಎಡವಿದೆ ಎಂಬುದನ್ನು ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಒಂದು ಸೂತ್ರವನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ವಿವರವೇ. ಮುಚ್ಚಿಹೋಗುವ ಕೆಲಸಕ್ಕೆ ರಜೆ ಹಾಕಿ. ಕಣ್ಣೆದುರೇ ಉಳಿಯುವ ಕೆಲಸವನ್ನು ಸಂಜೆ ಬಂದು ನೋಡಿ. ಪಾಯದ ಅಗೆತ, ಸ್ಲ್ಯಾಬಿನ ಕಬ್ಬಿಣ, ಗೋಡೆಯೊಳಗಿನ ಪೈಪು, ಟೈಲಿನಡಿಯ ಇಳಿಜಾರು: ಇವು ಮುಚ್ಚಿದ ಮೇಲೆ ಯಾರಿಗೂ ಕಾಣವು. ಗೋಡೆ ಓರೆಯಾದರೆ ಭಾನುವಾರ ಕಂಡರೂ ಸಾಕು, ಕಿತ್ತು ಕಟ್ಟಿಸಬಹುದು. ಹೆಚ್ಚಿನವರು ಮಾಡುವುದು ಇದಕ್ಕೆ ಉಲ್ಟಾ. ಕೆಸರುಕಲ್ಲಿಗೆ (ಶಿಲಾನ್ಯಾಸಕ್ಕೆ), ಬಣ್ಣ ಆರಿಸುವುದಕ್ಕೆ, ಬಾಗಿಲ ಚೌಕಟ್ಟು ನಿಲ್ಲಿಸುವುದಕ್ಕೆ ರಜೆ ಹಾಕುತ್ತಾರೆ. ಕಬ್ಬಿಣ ಕಟ್ಟುವ ದಿನ ಕಚೇರಿಯಲ್ಲಿ ಕೂತಿರುತ್ತಾರೆ.

ಎರಡು ರಾಜ್ಯಗಳ ಕ್ಯಾಲೆಂಡರ್

ಗಡಿಯಲ್ಲಿರುವ ಕಷ್ಟಗಳನ್ನು ಹೇಳಿಕೊಳ್ಳುವವರು ಬಹಳ. ಸಂಬಳ ಕರ್ನಾಟಕದಲ್ಲಿ, ಸರಕಾರಿ ಕಚೇರಿ ಕೇರಳದಲ್ಲಿ ಆಗಿರುವವರಿಗೆ ಗಡಿ ಒಂದು ಲಾಭವನ್ನೂ ಇಟ್ಟಿದೆ. ಎರಡೂ ರಾಜ್ಯಗಳ ರಜಾಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ನವೆಂಬರ್ 1ರಂದು ನಮ್ಮ ಕಚೇರಿಗೆ ರಾಜ್ಯೋತ್ಸವದ ರಜೆ. ಕೇರಳಕ್ಕೂ ಅದು ಹುಟ್ಟಿದ ದಿನವೇ, ಆದರೆ ಅಲ್ಲಿ ಕಚೇರಿಗಳು ತೆರೆದಿರುತ್ತವೆ. ಯುಗಾದಿ, ಬಸವ ಜಯಂತಿ, ಕನಕ ಜಯಂತಿ, ಮಕರ ಸಂಕ್ರಾಂತಿಗಳದೂ ಇದೇ ಕಥೆ. ಎರಡನೆಯ ಶನಿವಾರ ಎರಡೂ ಕಡೆ ಬಂದ್, ಅದನ್ನು ಮರೆತುಬಿಡಿ. ನಾಲ್ಕನೆಯ ಶನಿವಾರ ಬ್ಯಾಂಕಿಗೂ ಕರ್ನಾಟಕ ಸರಕಾರಿ ಕಚೇರಿಗೂ ರಜೆ, ಕೇರಳದ ಪಂಚಾಯತಿಗೂ ವಿಲ್ಲೇಜ್ ಆಫೀಸಿಗೂ (ಗ್ರಾಮದ ಕಂದಾಯ ಕಚೇರಿಗೂ) ಕೆಲಸದ ದಿನ. ನಿಮ್ಮ ಕಚೇರಿ ಆ ಪದ್ಧತಿಯದಾದರೆ ತಿಂಗಳಿಗೊಂದು ದಿನ ಪುಕ್ಕಟೆ ಸಿಕ್ಕಿದಂತೆ.

ನಷ್ಟದ ಬದಿಯೂ ಇದೆ. ಓಣಂ ಬಂದರೆ ಅತ್ತಕಡೆ ಸರಣಿ ರಜೆ. ಅದರ ಹಿಂದುಮುಂದಿನ ವಾರದಲ್ಲಿ ಅರ್ಧ ಸಿಬ್ಬಂದಿ ಸೀಟಿನಲ್ಲಿರುವುದಿಲ್ಲ. ಜನವರಿ 2 ಮನ್ನಂ ಜಯಂತಿ, ನಮಗೆ ಅದು ನೆನಪಿಗೇ ಬರುವುದಿಲ್ಲ. ಜೊತೆಗೆ ಹರತಾಳ.

ಇದೇ ಕ್ಯಾಲೆಂಡರಿನಲ್ಲಿ ಕೆಲಸಗಾರರ ದಿನಗಳನ್ನೂ ಗುರುತಿಸಿ. ಕುಂಬಳೆ ಬೆಡಿಯ (ದೇವಸ್ಥಾನದ ಜಾತ್ರೆಯ ಸುಡುಮದ್ದಿನ) ದಿನ ಊರಿನ ಯಾವ ಮೇಸ್ತ್ರಿಯೂ ಬರುವುದಿಲ್ಲ, ಬಂದರೂ ಮಧ್ಯಾಹ್ನಕ್ಕೆ ಹೊರಡುತ್ತಾನೆ. ತರವಾಡಿನ (ಮೂಲಮನೆಯ) ಕಳಿಯಾಟ ಎಂಬ ತೆಯ್ಯಂ ಉತ್ಸವ, ಮನೆಯ ಭೂತಕೋಲ, ಮದುವೆ. ಬಂಗಾಳದಿಂದ ಬಂದ ಹುಡುಗರು ಈದ್‌ಗೋ ದುರ್ಗಾಪೂಜೆಗೋ ಊರಿಗೆ ಹೋದರೆ ಮರಳಲು ತಿಂಗಳು. ಅವರ ಊರಿನಲ್ಲಿ ಚುನಾವಣೆ ಇದೆಯೇ ಎಂದು ಕೇಳಿಕೊಳ್ಳುವುದನ್ನೂ ನಾನು ಕಲಿತೆ.

ಮಳೆಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಕಾಗದಪತ್ರಗಳ ಕೆಲಸ ಮಳೆಗಾಲದಲ್ಲಿ ಮುಗಿಯಲಿ, ನವರಾತ್ರಿ ಕಳೆದು ಪಾಯ, ಮಾರ್ಚ್ ಒಳಗೆ ಸ್ಲ್ಯಾಬ್. ಏನೇ ತಡವಾದರೂ ಪತ್ತನಾಜೆ ದಾಟಬಾರದು. ಆ ದಿನ, ಮೇ 24ರ ಸುಮಾರಿಗೆ, ಯಕ್ಷಗಾನದ ಮೇಳಗಳೇ ಗೆಜ್ಜೆ ಬಿಚ್ಚುತ್ತವೆ. ಅದರ ನಂತರ ನೀವು ಸ್ಲ್ಯಾಬ್ ಹಾಕಲು ಹೊರಟರೆ ಆಕಾಶ ನೋಡುತ್ತ ರಜೆ ಕಳೆಯಬೇಕಾಗುತ್ತದೆ. ಸೂರು ಬಿದ್ದ ಮೇಲೆ ಮಳೆ ಬಂದರೆ ಚಿಂತೆಯಿಲ್ಲ, ಒಳಗಿನ ಸಾರಣೆ, ವೈರಿಂಗ್ ನಡೆಯುತ್ತಿರುತ್ತದೆ.

ಕಾಗದಪತ್ರಗಳು: ನನ್ನ ಏಳು ರಜೆ ಹೋದದ್ದು ಇಲ್ಲಿ

ನಾಲ್ಕು ಸಾಕಿತ್ತು. ಮೂರು ನನ್ನ ಅವಸರಕ್ಕೆ ಹೋದವು.

ಮೊದಲು ಜಾಗದ ದಾಖಲೆಯಲ್ಲಿ ಭೂಮಿಯ ಸ್ವರೂಪ ಏನೆಂದು ನಮೂದಾಗಿದೆ ನೋಡಿ. ಎದುರಿಗೆ ಕಾಣುವುದು ತೆಂಗಿನ ತೋಟವಾದರೂ ದಾಖಲೆಯಲ್ಲಿ ಗದ್ದೆ ಎಂದಿದ್ದರೆ ಪರವಾನಗಿ ಅಲ್ಲೇ ನಿಲ್ಲುತ್ತದೆ. ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯಂತೆ ಡಾಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುಭೂಮಿಗಳ ಸರಕಾರಿ ಪಟ್ಟಿಯಲ್ಲಿ) ಹೆಸರಿದ್ದರೆ ಅದರಿಂದ ತೆಗೆಸಲು ನಮೂನೆ 5, ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ದಾಖಲೆಯಲ್ಲಿ ಮಾತ್ರ ಗದ್ದೆಯಾಗಿದ್ದರೆ ನಮೂನೆ 6, ಇದು 20.23 ಆರ್, ಅಂದರೆ ಐವತ್ತು ಸೆಂಟ್ಸಿನವರೆಗೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಮನೆಯ ನಕ್ಷೆ ಬರೆಸುವುದಕ್ಕೂ ಮೊದಲು ಮಾಡಬೇಕಾದ ತಪಾಸಣೆ ಇದು. ನಕ್ಷೆಯ ಅಂದಕ್ಕೆ ಮರುಳಾಗಿ ಇದನ್ನು ಮುಂದೂಡಿದವರು ಎರಡು ಮಳೆಗಾಲ ಕಾದದ್ದನ್ನು ಕಂಡಿದ್ದೇನೆ.

ತೀರ್ವೆಯನ್ನು (ಭೂಕಂದಾಯವನ್ನು) ಆನ್‌ಲೈನಿನಲ್ಲೇ ಕಟ್ಟಿ ರಶೀದಿ ತೆಗೆಯಿರಿ. ಸ್ವಾಧೀನ ಪ್ರಮಾಣಪತ್ರ, ಲೊಕೇಶನ್ ಸ್ಕೆಚ್‌ಗಳಿಗೆ ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕಬಹುದು. ಸಂಜೆ ರೈಲಿಳಿದು ಹೋದರೂ ಬಾಗಿಲು ತೆರೆದಿರುವ ಕೇಂದ್ರವೊಂದನ್ನು ಹುಡುಕಿಟ್ಟುಕೊಳ್ಳಿ; ಆ ಪರಿಚಯ ಎರಡು ರಜೆಗೆ ಸಮ. ಸ್ಥಳ ನೋಡಲು ಬರುವವರಿದ್ದರೆ ಮಾತ್ರ ನೀವು ಇರಬೇಕು, ಉಳಿದದ್ದಕ್ಕೆ ಅಗತ್ಯವಿಲ್ಲ.

ಕಟ್ಟಡ ಪರವಾನಗಿಯ ಅರ್ಜಿ ಈಗ ಕೆ-ಸ್ಮಾರ್ಟ್ ಎಂಬ ಸರಕಾರಿ ಆನ್‌ಲೈನ್ ವ್ಯವಸ್ಥೆಯ ಮೂಲಕ. 2024ರ ಜನವರಿಯಲ್ಲಿ ನಗರಸಭೆಗಳಲ್ಲಿ ಶುರುವಾದದ್ದು, 2025ರ ಏಪ್ರಿಲ್‌ನಿಂದ ಗ್ರಾಮ ಪಂಚಾಯತಿಗಳಿಗೂ ಬಂದಿದೆ. ಎರಡು ಅಂತಸ್ತು, 300 ಚದರ ಮೀಟರ್ ಮೀರದ, ನಿಯಮಕ್ಕೆ ಹೊಂದುವ ಮನೆಗೆ ಲೈಸೆನ್ಸ್ ಇರುವ ಎಂಜಿನಿಯರರ ಸ್ವಯಂ ದೃಢೀಕರಣದ ಮೇಲೆ ಪರವಾನಗಿ ಸಿಗುವ ವ್ಯವಸ್ಥೆಯಿದೆ. ಆದರೆ ತಪ್ಪು ನಕ್ಷೆಗೆ ಸಿಕ್ಕ ಪರವಾನಗಿ ಮುಂದೆ ಮನೆ ನಂಬರಿನ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ, ಆದ್ದರಿಂದ ಗಡಿಯಿಂದ ಬಿಡಬೇಕಾದ ಅಂತರವನ್ನು ನೀವೇ ಟೇಪು ಹಿಡಿದು ಅಳೆಯಿರಿ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 7.5 ಮೀಟರ್ ಇರಬೇಕು. ಪಕ್ಕದ ಮನೆಯವರ ಬಾವಿಯೂ ಈ ಲೆಕ್ಕಕ್ಕೆ ಸೇರುತ್ತದೆ ಎಂಬುದು ನಮಗೆ ತಡವಾಗಿ ಹೊಳೆಯಿತು.

ಅರ್ಜಿಗೆ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ಎಂಜಿನಿಯರರ ಸಹಾಯಕನ ಸಂಖ್ಯೆ ಹಾಕಿದ್ದರಿಂದ ಒಂದು ತಿದ್ದುಪಡಿಯ ಸಂದೇಶ ಅವನ ಫೋನಿನಲ್ಲೇ ಹದಿನೇಳು ದಿನ ಮಲಗಿತ್ತು. ನಾನು ಆ ದಿನಗಳಲ್ಲಿ ಎರಡು ರಜೆ ಹಾಕಿ ಪಂಚಾಯತಿ ಕಚೇರಿಗೆ ಹೋಗಿ, ಕಡತ ಏಕೆ ಮುಂದೆ ಹೋಗುತ್ತಿಲ್ಲ ಎಂದು ಜಗಳಕ್ಕೆ ನಿಂತವನು. ಕಚೇರಿಯವರು ಪರದೆ ತಿರುಗಿಸಿ ತೋರಿಸಿದರು.

ಭಾಷೆಯ ಮಾತು ಸ್ವಲ್ಪ

ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಕೇಳಲು ಚೆನ್ನ. ಮನೆ ಕಟ್ಟುವಾಗ ಅದು ಕೆಲಸವಾಗುತ್ತದೆ: ಮೇಸ್ತ್ರಿಯೊಡನೆ ತುಳು, ಕಚೇರಿಯಲ್ಲಿ ಮಲಯಾಳ, ಬಂಗಾಳದ ಹುಡುಗರಲ್ಲಿ ಹಿಂದಿ, ಲೆಕ್ಕದ ಪುಸ್ತಕದಲ್ಲಿ ಕನ್ನಡ. ಗೊತ್ತಿರುವ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ಮಲಯಾಳದಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ. ‘ಆಧಾರ’ ಎಂದರೆ ಜಾಗದ ಕ್ರಯಪತ್ರ. ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತವರನ್ನು ನೋಡಿ ನಗಬೇಡಿ.

ನನ್ನ ಹೆಂಡತಿ ಕರ್ನಾಟಕದ ಸುಳ್ಯದವಳು. ಒಂದು ಸಂಜೆ ಸರಕಾರಿ ಕಚೇರಿಯಿಂದ ಬಂದ ಕರೆಯನ್ನು ಅವಳು ತೆಗೆದುಕೊಂಡಳು. “ನಾಳೆ ಅವಧಿಯಂತೆ, ಬೇಗ ಹೋಗಿ ಕೊಟ್ಟುಬನ್ನಿ” ಎಂದಳು. ಕೊನೆಯ ದಿನವೆಂದು ಗಾಬರಿಯಾಗಿ ರಜೆ ಹಾಕಿ ಕಾಗದ ಹಿಡಿದು ಹೋದರೆ ಬಾಗಿಲಿಗೆ ಬೀಗ. ಮಲಯಾಳದ ‘ಅವಧಿ’ ಎಂದರೆ ರಜೆ. ನನಗೆ ಗೊತ್ತಿದ್ದ ಪದವೇ, ಅವಳ ಬಾಯಲ್ಲಿ ಕನ್ನಡವಾಗಿ ಕೇಳಿದ್ದರಿಂದ ಹೊಳೆಯಲಿಲ್ಲ. ಕೇರಳದ ರಜೆಯ ದಿನ ಕರ್ನಾಟಕದ ರಜೆಯೊಂದನ್ನು ಸುಟ್ಟ ಕೀರ್ತಿ ನಮ್ಮದು.

ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗಿದೆ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯೇ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ನಾನು ಕನ್ನಡದಲ್ಲೇ ಬರೆದೆ, ಹಿಂದೆ ಮಲಯಾಳದ ಪ್ರತಿಯೊಂದನ್ನು ಪಿನ್ನು ಹಾಕಿ ಇಟ್ಟೆ. ಹಕ್ಕನ್ನೂ ಬಿಡಲಿಲ್ಲ, ಭಾಷಾಂತರಕ್ಕೆಂದು ಕಡತ ಮೂಲೆಗೆ ಸೇರಲೂ ಬಿಡಲಿಲ್ಲ.

ಜನರನ್ನು ಗೊತ್ತುಮಾಡುವುದು

ಮೇಸ್ತ್ರಿಗೆ ಕೊಡುವ ಕಂತಿನ ಹಣವನ್ನು ತಿಂಗಳಿಗೆ ಕಟ್ಟಬೇಡಿ, ಹಂತಕ್ಕೆ ಕಟ್ಟಿ: ಪಂಚಾಂಗ (ಪಾಯದ ಮೇಲಿನ ಕಟ್ಟೆ) ಮುಗಿದಾಗ ಇಷ್ಟು, ಲಿಂಟಲ್ ಮುಗಿದಾಗ ಇಷ್ಟು, ಸ್ಲ್ಯಾಬಿಗೆ ಇಷ್ಟು, ಸಾರಣೆಗೆ ಇಷ್ಟು, ಕೊನೆಯಲ್ಲಿ ತಡೆಹಿಡಿದದ್ದು ಇಷ್ಟು. ಮುದ್ರಾಂಕ ಪತ್ರದ ಮೇಲೆ ಬರೆಸಿ. ನೀವು ದಿನವಿಡೀ ಇಲ್ಲದ ಜಾಗದಲ್ಲಿ ನಿಮ್ಮ ಪರವಾಗಿ ನಿಲ್ಲುವುದು ಆ ಕಾಗದವೊಂದೇ. ಎಂಜಿನಿಯರರ ಭೇಟಿಗಳನ್ನೂ ಹೀಗೆಯೇ ಹೆಸರಿಟ್ಟು ಬರೆಸಿ. “ಆಗಾಗ ಬರುತ್ತೇನೆ” ಎಂಬುದು ಭೇಟಿಯಲ್ಲ. ಪಾಯದ ಗುಂಡಿಗೆ ಒಮ್ಮೆ, ಕಬ್ಬಿಣಕ್ಕೆ ಒಮ್ಮೆ ಎಂದು ಇರಲಿ.

ಫೋನಿಗೆ ಹೊತ್ತು ಗೊತ್ತುಮಾಡಿ. ಮೇಸ್ತ್ರಿಗೆ ನಾನು ಹೇಳಿದ್ದು: “ಅಣ್ಣಾ, ಬೆಳಗ್ಗೆ ಏಳೂವರೆಗೆ ನಾನು ರೈಲಿನಲ್ಲಿರುತ್ತೇನೆ, ಆಗ ಮಾತಾಡುವ. ಒಂದು ಗಂಟೆಗೆ ನಿಮಗೂ ಊಟ, ನನಗೂ ಊಟ. ಉಳಿದ ಹೊತ್ತು ಕಲ್ಲು ತಲೆಗೆ ಬಿದ್ದರೆ ಮಾತ್ರ.” ಎರಡು ವಾರ ಯಾವ ಹೊತ್ತಿಗೂ ಕರೆ ಬರುತ್ತಿತ್ತು; ನಾನು ತೆಗೆಯದೇ ಇದ್ದಾಗ ಪದ್ಧತಿ ಕೂತಿತು. ಮರುದಿನ ಬೇಕಾದ ಸಾಮಗ್ರಿಯನ್ನು ಹಿಂದಿನ ಸಂಜೆಯೇ ಹೇಳಬೇಕು ಎಂಬುದು ನಮ್ಮ ಎರಡನೆಯ ನಿಯಮ. ಬೆಳಗ್ಗೆ ಎಂಟಕ್ಕೆ “ಸಿಮೆಂಟು ಮುಗಿಯಿತು” ಎಂದರೆ ಆರು ಜನರ ಕೂಲಿ ಮರದಡಿಯಲ್ಲಿ ಬೀಡಿಯಾಗಿ ಹೋಗುತ್ತದೆ.

ನಿಮ್ಮ ಕಚೇರಿಯಲ್ಲೂ ಮುಚ್ಚಿಡಬೇಡಿ. ನಾನು ಮೇಲಧಿಕಾರಿಗೆ ಹಂತಗಳ ಪಟ್ಟಿಯನ್ನೇ ಕೊಟ್ಟೆ: ಈ ಏಳೆಂಟು ದಿನಗಳಲ್ಲಿ ನಾನು ಇರಲೇಬೇಕು, ತಾರೀಕು ಹಿಂದುಮುಂದಾಗಬಹುದು, ಬದಲಿಗೆ ಮಾರ್ಚ್ ಕೊನೆಯ ವಾರ ಒಂದು ದಿನವೂ ಕೇಳುವುದಿಲ್ಲ. ಜ್ವರದ ನೆಪಕ್ಕಿಂತ ಇದು ಅಗ್ಗ.

ಎಲ್ಲಿ ಇರಬೇಕು, ಎಲ್ಲಿ ಬೇಡ

ನೂಲು ಹಿಡಿದು ಗುರುತು ಹಾಕುವ ದಿನ ಇರಿ. ಕೋಣೆಯ ಎರಡು ಕರ್ಣಗಳನ್ನು ಅಳೆದು ನೋಡಿ, ಸಮವಾಗದಿದ್ದರೆ ಮೂಲೆ ಕೂಡಿಲ್ಲ. ಈ ಐದು ನಿಮಿಷದ ಕೆಲಸ ಬಿಟ್ಟರೆ ಟೈಲು ಹಾಸುವಾಗ ಗೋಡೆಯುದ್ದಕ್ಕೂ ಬೆಣೆಯಾಕಾರದ ತುಂಡುಗಳು ಜೀವಮಾನವಿಡೀ ಕಾಣುತ್ತವೆ. ಪಾಯದ ಗುಂಡಿ ಗಟ್ಟಿ ನೆಲ ಮುಟ್ಟಿದೆಯೇ ಎಂದು ನೋಡುವ ದಿನವೂ ಇರಿ. ನಮ್ಮ ಕಡೆ ನೀರಿಗಾಗಿ ಕೊರೆದ ಹಳೆಯ ಸುರಂಗಗಳಿರುವ ಗುಡ್ಡದ ಬದಿಯಾದರೆ ಹಿರಿಯರನ್ನು ಕೇಳಿಯೇ ಅಗೆಸಿ.

ಕಲ್ಲಿನ ಲೋಡು ಬರುವುದಕ್ಕೆ ರಜೆ ಬೇಡ. ಇಳಿಸುವಾಗ ಎಣಿಸುವಂತೆ ಅಟ್ಟಿ ಇಡಲು ಹೇಳಿ, ಫೋಟೋ ತರಿಸಿಕೊಳ್ಳಿ, ಸಂಜೆ ಎಣಿಸಿ. ಎರಡು ಕಲ್ಲುಗಳನ್ನು ಒಂದಕ್ಕೊಂದು ಬಡಿದು ನೋಡಿ. ಪುಡಿ ಉದುರುವ ಮೆದು ಕಲ್ಲು ಹೆಚ್ಚಿದ್ದರೆ ಮುಂದಿನ ಲೋಡನ್ನು ಇಳಿಸುವ ಮೊದಲೇ ತಡೆಯಬಹುದು. ಸಿಮೆಂಟನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿಸಿ. ಮೂರು ತಿಂಗಳಿಗಿಂತ ಹಳೆಯದನ್ನು ಬಳಸಬೇಡಿ. ಗೋಡೆ ಏಳುವ ಅಷ್ಟೂ ವಾರ ನಾನು ರಜೆ ಹಾಕಲಿಲ್ಲ. ಕುಂಬಳೆಯಲ್ಲಿ ಇಳಿದು ಬೈಕಿನಲ್ಲಿ ಹೋದರೆ ಡಿಸೆಂಬರಿನಲ್ಲೂ ಅರ್ಧ ಗಂಟೆಯ ಬೆಳಕು ಸಿಗುತ್ತಿತ್ತು, ಸಾಲದಿದ್ದರೆ ಟಾರ್ಚು.

ಸ್ಲ್ಯಾಬಿನ ದಿನ

ಇದಕ್ಕೆ ಒಂದಲ್ಲ, ಎರಡು ರಜೆ: ಹಿಂದಿನ ದಿನ ಕಬ್ಬಿಣ ನೋಡಲು, ಮರುದಿನ ಕಾಂಕ್ರೀಟಿಗೆ. ಹಿಂದಿನ ದಿನ ತಪ್ಪು ಕಂಡರೆ ಬಿಚ್ಚಿ ಕಟ್ಟಲು ಹೊತ್ತಿದೆ. ಆ ದಿನವೇ ಕಂಡರೆ ಮಿಕ್ಸರು, ಹತ್ತಿಪ್ಪತ್ತು ಜನ, ಬಾಡಿಗೆಯ ವೈಬ್ರೇಟರು ಎಲ್ಲ ನಿಂತು ನಿಮ್ಮ ಮುಖ ನೋಡುತ್ತಾರೆ, ಆಗ ಯಾರಿಗೂ “ಬೇಡ, ಬಿಚ್ಚಿ” ಎನ್ನುವ ಧೈರ್ಯ ಬರುವುದಿಲ್ಲ.

ಕಬ್ಬಿಣದ ಸಳಿಗಳು ಸೆಂಟ್ರಿಂಗ್ ಹಲಗೆಗೆ ಅಂಟಿ ಮಲಗಿರಬಾರದು. ಅಡಿಯಲ್ಲಿ 20 ಮಿಲಿಮೀಟರಿನ ಕವರ್ ಬ್ಲಾಕು ಇರಬೇಕು. ನಮ್ಮಲ್ಲಿ ಜಲ್ಲಿಯ ಚೂರು ಇಟ್ಟಿದ್ದರು, ಕಾಲಿಟ್ಟಾಗ ಉರುಳಿ ಸಳಿ ಕೂತುಬಿಡುತ್ತಿತ್ತು. ಆ ಸಂಜೆಯೇ ಸಿಮೆಂಟಿನ ಬಿಲ್ಲೆ ತರಿಸಿ, ನಾನೂ ಎಂಜಿನಿಯರರೂ ಮೊಣಕಾಲೂರಿ ಒಂದೊಂದಾಗಿ ತೂರಿಸಿದೆವು.

ಮರುದಿನದ ಕಾವಲು ನೀರಿನದು. ಎಂ20 ದರ್ಜೆಯ ಕಾಂಕ್ರೀಟಿಗೆ ನೀರು ಸಿಮೆಂಟಿನ ತೂಕದ 0.55ಕ್ಕಿಂತ ಹೆಚ್ಚಾಗಬಾರದು, ಅಂದರೆ 50 ಕಿಲೋದ ಚೀಲವೊಂದಕ್ಕೆ ಇಪ್ಪತ್ತೇಳೂವರೆ ಲೀಟರಿನ ಒಳಗೆ. ತೆಳ್ಳಗಾದಷ್ಟೂ ಸುರಿಯುವವರಿಗೆ ಸುಲಭ, ಹಾಗಾಗಿ ಮಿಕ್ಸರಿನ ಹುಡುಗ ಕಣ್ಣು ತಪ್ಪಿದರೆ ಒಂದು ಬಾಲ್ದಿ ಜಾಸ್ತಿ ಹೊಯ್ಯುತ್ತಾನೆ. ನಾನು ಬಾಲ್ದಿಗೆ ಪೇಂಟಿನಲ್ಲಿ ಗೆರೆ ಎಳೆದು ಪಕ್ಕದಲ್ಲೇ ಸ್ಟೂಲು ಹಾಕಿ ಕೂತೆ. ಹನ್ನೊಂದೂವರೆಗೆ ಕಚೇರಿಯಿಂದ ಕರೆ ಬಂತು. ತೆಗೆಯಬಾರದಿತ್ತು. ಹಲಸಿನ ಮರದಡಿ ಇಪ್ಪತ್ತು ನಿಮಿಷ ಯಾವುದೋ ಪಟ್ಟಿಯ ಸಾಲುಗಳನ್ನು ವಿವರಿಸಿ ಮರಳುವಷ್ಟರಲ್ಲಿ ಮಗಳ ಕೋಣೆಯ ಮೇಲೆ ಕಾಂಕ್ರೀಟು ಬಿದ್ದಾಗಿತ್ತು. ಆ ಕೋಣೆಯ ಫ್ಯಾನ್ ಬಾಕ್ಸನ್ನು ಇಟ್ಟಿರಲಿಲ್ಲ. ಬೆಳಗ್ಗೆ ಎಣಿಸಿದಾಗ ಐದರಲ್ಲಿ ನಾಲ್ಕಿದ್ದದ್ದನ್ನು ಕಂಡು, ಎಲೆಕ್ಟ್ರಿಷಿಯನ್‌ಗೆ ಹೇಳಬೇಕೆಂದು ನಾನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಇಂದಿಗೂ ಆ ಕೋಣೆಯ ಫ್ಯಾನು ಕೊರೆದು ಕೂರಿಸಿದ ಕೊಂಡಿಗೆ ನೇತಾಡುತ್ತಿದೆ. ಮೊಬೈಲನ್ನು ಆ ದಿನ ಹೆಂಡತಿಯ ಕೈಗೆ ಕೊಡಿ.

ಸ್ಲ್ಯಾಬ್ ಬಿದ್ದ ಮೇಲೆ ನೀರು ಕಟ್ಟುವುದಕ್ಕೆ ರಜೆ ಬೇಡ, ಜನ ಬೇಕು. ಅಂಚಿಗೆ ಮಣ್ಣಿನ ಕಟ್ಟ ಕಟ್ಟಿಸಿ, ಹದಿನಾಲ್ಕು ದಿನ ನೀರು ನಿಲ್ಲಿಸಿ. ಪಕ್ಕದ ಮನೆಯ ಅಕ್ಕನೊಬ್ಬರಿಗೆ ದಿನಕ್ಕಿಷ್ಟೆಂದು ಗೊತ್ತುಮಾಡಿದೆವು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಫೋಟೋ. ಮಾರ್ಚಿನಲ್ಲಿ ಬಾವಿಯ ತಳ ಕಾಣುವ ಜಾಗವಾದರೆ ಟ್ಯಾಂಕರಿನವನನ್ನು ಮೊದಲೇ ಮಾತಾಡಿಡಿ. ಆಧಾರದ ಕಂಬಗಳನ್ನು ಬೇಗ ಬಿಚ್ಚಲು ಅವಸರಪಡಿಸುತ್ತಾರೆ, ಬೇರೆ ಕಡೆಗೆ ಬೇಕಿರುತ್ತದೆ. ನಾಲ್ಕೂವರೆ ಮೀಟರಿಗಿಂತ ಅಗಲದ ಸ್ಲ್ಯಾಬಿಗೂ ಆರು ಮೀಟರಿನೊಳಗಿನ ಬೀಮಿಗೂ ಕನಿಷ್ಠ ಹದಿನಾಲ್ಕು ದಿನ, ಅದಕ್ಕಿಂತ ಉದ್ದದ ಬೀಮಿಗೆ ಇಪ್ಪತ್ತೊಂದು. ಒಪ್ಪಂದದಲ್ಲೇ ಬರೆಸಿ.

ಬ್ಯಾಂಕು, ಪೈಪು, ಬಣ್ಣ

ಬ್ಯಾಂಕಿನ ಎಂಜಿನಿಯರು ಹಂತಹಂತಕ್ಕೆ ನೋಡಿ ಹಣ ಬಿಡುಗಡೆಗೆ ಬರೆಯುತ್ತಾರೆ. ಅವರ ಭೇಟಿಗೆ ನೀವೇ ನಿಲ್ಲಬೇಕೆಂದಿಲ್ಲ, ನಕ್ಷೆಯ ಪ್ರತಿ ಮತ್ತು ಬಿಲ್ಲುಗಳ ಕಡತ ಮೇಸ್ತ್ರಿಯ ಬಳಿ ಇದ್ದರೆ ಸಾಕು. ಹಣ ಬರಲು ವಾರ ಹಿಡಿಯುತ್ತದೆಂದು ಲೆಕ್ಕ ಹಾಕಿ ಹಂತ ಮುಗಿಯುವ ಮೊದಲೇ ಅರ್ಜಿ ಕೊಡಿ.

ಸಾರಣೆಗೆ ಮೊದಲು ಒಂದು ರಜೆ ಗೋಡೆಯ ಫೋಟೋಗಳಿಗೆ. ಪ್ರತಿ ಗೋಡೆಯ ಮುಂದೆ ಟೇಪು ಹಿಡಿಸಿ, ಪೈಪು, ಕೊಳವೆ ಎಲ್ಲಿ ಓಡಿದೆ ಎಂದು ಕಾಣುವಂತೆ ತೆಗೆಯಿರಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗಲೆಲ್ಲ ಇದು ಕೆಲಸಕ್ಕೆ ಬರುತ್ತದೆ. ಇನ್ನೊಂದು ರಜೆ ಸ್ನಾನದ ಕೋಣೆಗೆ: ನೀರಿನ ಪೈಪಿಗೆ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟು ನೋಡುವುದು, ಟೈಲಿನ ಇಳಿಜಾರಿಗೆ ಚೊಂಬು ನೀರು ಹೊಯ್ದು ಅದು ಎತ್ತ ಹರಿಯುತ್ತದೆಂದು ನೋಡುವುದು. ಬಣ್ಣ, ಸ್ವಿಚ್ಚು, ನಲ್ಲಿಗಳ ಆಯ್ಕೆಯನ್ನು ಭಾನುವಾರಗಳಿಗೆ ಬಿಡಿ. ಹೆಂಡತಿ ಒಂದೇ ಭಾನುವಾರ ಕಾಸರಗೋಡಿನಲ್ಲಿ ಮುಗಿಸಿದಳು, ನಾನಾಗಿದ್ದರೆ ನಾಲ್ಕು ಬೇಕಿತ್ತು.

ಮನೆ ನಂಬರು, ಮತ್ತು ಉಳಿಸಿಟ್ಟ ಒಂದು ರಜೆ

ಕೆಲಸ ಪೂರ್ತಿಯಾಯಿತೆಂಬ ಪ್ರಮಾಣಪತ್ರವನ್ನು ಎಂಜಿನಿಯರರೇ ಅಪ್‌ಲೋಡ್ ಮಾಡುತ್ತಾರೆ. ಪಂಚಾಯತಿಯವರು ಅಳತೆಗೆ ಬಂದಾಗ ಮನೆಯವರು ಇರುವುದು ಒಳ್ಳೆಯದು. ನಂಬರು ಸಿಕ್ಕಿದ ಮೇಲೆ ವಿದ್ಯುತ್ತಿನ ತಾತ್ಕಾಲಿಕ ಸಂಪರ್ಕವನ್ನು ಮನೆಯದಾಗಿ ಬದಲಿಸಿಕೊಳ್ಳಿ. ಎರಡು ವಿಷಯ ಜನ ಮರೆಯುತ್ತಾರೆ. 100 ಚದರ ಮೀಟರ್ ಮೀರಿದ ಮನೆಗೆ ಕಂದಾಯ ಇಲಾಖೆಗೆ ಒಂದಾವರ್ತಿ ಕಟ್ಟಡ ತೆರಿಗೆ ಇದೆ. ಪಂಚಾಯತಿಗೆ ವರ್ಷವೂ ಕಟ್ಟುವ ತೆರಿಗೆ ಬೇರೆ. ನಿಗದಿಯಾದ ಮೊತ್ತ ಮೀರಿದ ನಿರ್ಮಾಣಕ್ಕೆ ಕಟ್ಟಡ ಕಾರ್ಮಿಕರ ಕ್ಷೇಮನಿಧಿಯ ಸೆಸ್ ಕೂಡ ಉಂಟು. ಬಿಲ್ಲುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಡಿ, ನೋಟಿಸು ಯಾವ ವರ್ಷ ಬರುತ್ತದೋ ಹೇಳಲಾಗದು.

ನಮ್ಮ ಒಕ್ಕಲು (ಗೃಹಪ್ರವೇಶ) ಡಿಸೆಂಬರಿನಲ್ಲಾಯಿತು, ಇಪ್ಪತ್ಮೂರು ರಜೆ ಮುಗಿದಿತ್ತು. ಇಪ್ಪತ್ತನಾಲ್ಕನೆಯದನ್ನು ನಾನು ಮಳೆಗಾಲಕ್ಕೆ ಇಟ್ಟುಕೊಂಡೆ, ಮೇಸ್ತ್ರಿಯ ಮತ್ತು ಆಚಾರಿಯ ಕೊನೆಯ ಕಂತನ್ನೂ ಅದರ ಜೊತೆಗೇ ಇಟ್ಟುಕೊಂಡೆ. ಆಟಿ ತಿಂಗಳ ನಡುವೆ, ಎರಡು ದಿನ ಬಿಡದೆ ಸುರಿದ ಮೇಲೆ ಮೂರನೆಯ ಬೆಳಗ್ಗೆ ರಜೆ ಹಾಕಿ ಕೊಡೆ ಹಿಡಿದು ಮನೆಯನ್ನು ಒಂದು ಸುತ್ತು ಬಂದೆ. ಟೆರೇಸಿನ ಕೊಳವೆಯ ಬಾಯಲ್ಲಿ ಗಟ್ಟಿಯಾದ ಸಿಮೆಂಟಿನ ಉಂಡೆ ಕೂತು ನೀರು ಮಡುಗಟ್ಟಿತ್ತು. ಪಡುಗಡೆಯ ಕಿಟಕಿಯ ಕೆಳಗೆ ಒದ್ದೆ. ಹಲಸಿನ ಮುಂಬಾಗಿಲು ಉಬ್ಬಿ ಹೊಸ್ತಿಲಿಗೆ ಕಚ್ಚಿಕೊಂಡಿತ್ತು. ಮೇಸ್ತ್ರಿ ಹತ್ತಕ್ಕೆ ಬಂದರು, ಆಚಾರಿ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಬಂದರು. ಬಾಗಿಲನ್ನು ಕಳಚಿ, ಜಗಲಿಯಲ್ಲಿ ಮಲಗಿಸಿ, ಕೀಸುಳಿ ಹಾಕುತ್ತ “ಇನ್ನು ಬೇಸಗೆಯಲ್ಲಿ ಇದು ಸಡಿಲವಾಯಿತೆಂದು ಕರೆಯಬೇಡಿ” ಎಂದರು. ಇಬ್ಬರಿಗೂ ಆ ಸಂಜೆಯೇ ಲೆಕ್ಕ ಚುಕ್ತಾ ಮಾಡಿದೆ.